ಪರದೇಶದಲ್ಲಿ ಪಥ್ಯ

ಮೊನ್ನೆ ಭಾನುವಾರ ಬೆಳಿಗ್ಗೆ ಕುಂದಾಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಗೇಟಿನ ಸದ್ದಾಯಿತು. ತಲೆ ಎತ್ತಿ ನೋಡಿದರೆ ಗಂಗೊಳ್ಳಿಯ ನನ್ನ ಹಳೆಯ ವಿದ್ಯಾರ್ಥಿ, ಜೊತೆಗೆ ಅವನ ತಾಯಿ. ಎಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಜರ್ಮನಿಯಲ್ಲಿ ಮುಂದೆ ಓದಲು ಸೀಟು ಸಿಕ್ಕಿದೆಯಂತೆ. ಮೇಷ್ಟ್ರಿಗೆ ಹೇಳಿ ಹೋಗೋಣವೆಂದು ಬಂದಿದ್ದಾರೆ. ನನಗಂತೂ ಹಿಗ್ಗೋ ಹಿಗ್ಗು.

ಕಾಫಿ ಕುಡಿಯುತ್ತಾ ತಾಯಿ ಮೆಲ್ಲಗೆ ವಿಷಯಕ್ಕೆ ಬಂದರು. "ಸಾರ್, ನಾವ್ ಮೀನ್ ಮಾರಿಯೇ ಇವ್ನ್ನ ಓದ್ಸಿದ್ದ್. ಆರೆ ಇವ್ನಿಗೆ ಚಟ್ಲಿ ಆತಿಲ್ಲೆ. ತಿಂದ್ರೆ ಮೋರೆ ಎಲ್ಲ ಬಾತ್ಕಣ್ತ್. ಅಲ್ ಹೋಯಿ ಎಂತ ತಿಂತ್ನೋ, ಯಾರತ್ರ ಹೇಳ್ತ್ನೋ."

ಚಟ್ಲಿ ಎಂದರೆ ಸಿಗಡಿ. ಹುಡುಗ ತಲೆ ತಗ್ಗಿಸಿದ. "ನಾನ್ ಅಲ್ಲಿ ಯಾರ್ಗೂ ಹೇಳುದಿಲ್ಲ ಸರ್. ಮೀನ್ ಮಾರೋರ ಮನೆ ಹುಡ್ಗನಿಗೆ ಚಟ್ಲಿ ಆಗುದಿಲ್ಲ ಅಂದ್ರೆ ಊರಂಗೇ ನೆಗಾಡ್ತ್ರ್. ಅಲ್ಲಿಯೂ ಅದೇ ಕತೆ ಎಂತಕ್ಕೆ? ಸುಮ್ನೆ ತಿಂಬುದೇ ಬಿಟ್ರಾಯ್ತ್."

ಆ ತಗ್ಗಿಸಿದ ತಲೆಯನ್ನು ನಾನು ಮೊದಲೇ ಕಂಡಿದ್ದೆ. 2019ರ ಮೇ ತಿಂಗಳಲ್ಲಿ, ಅದೇ ಜರ್ಮನಿಯ ರೈಲೊಂದರ ಕಿಟಕಿ ಗಾಜಿನಲ್ಲಿ. ಅದು ನನ್ನದೇ ತಲೆಯಾಗಿತ್ತು. ಯಾರಿಗೂ ವಿವರವಾಗಿ ಹೇಳಿರದ ಆ ಕತೆಯನ್ನು ಅಂದು ತಾಯಿ ಮಗನಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಂದೆ ತಾಯಿಯರಿಗೆ, ಹೊರಟು ನಿಂತ ಮಕ್ಕಳಿಗೆ ಉಪಯೋಗಕ್ಕೆ ಬಂದೀತು.

ನನ್ನ ಮಗಳು ಆಗ ಸ್ಟುಟ್‌ಗಾರ್ಟ್ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬೇಸಿಗೆ ರಜೆಯಲ್ಲಿ ಅವಳನ್ನು ನೋಡಲು ನಾನೊಬ್ಬನೇ ಹೊರಟೆ. ಬ್ರಹ್ಮಾವರದ ಹಿರಿಯ ಮನೆಯಲ್ಲಿದ್ದ ನನ್ನ ತಾಯಿಗೆ ಎಂಬತ್ತು ದಾಟಿತ್ತು, ಅವರನ್ನು ನೋಡಿಕೊಳ್ಳಲು ನನ್ನಾಕೆ ಊರಿನಲ್ಲೇ ಉಳಿಯಬೇಕಾಯಿತು. ಹೊರಡುವ ಮುನ್ನಾ ದಿನ ಅಮ್ಮ ನನ್ನ ಕೈ ಹಿಡಿದು, "ಮಗಾ, ಎಲ್ಲಿ ಹೋರೂ ಬಾಯಿ ಕೆಡ್ಸ್ಕಣ್ಬೇಡ" ಎಂದಿದ್ದರು. ಮಾಂಸ, ಮೊಟ್ಟೆ ಮುಟ್ಟಬೇಡ ಎಂದರ್ಥ. ನಾನು ಹೂಂ ಎಂದಿದ್ದೆ.

ಇದು ಅಮ್ಮ ಕೊಟ್ಟ ಪಥ್ಯ. ನನ್ನ ಬಳಿ ಇನ್ನೊಂದು ಪಥ್ಯವೂ ಇತ್ತು, ಅದು ವೈದ್ಯರು ಕೊಟ್ಟದ್ದು. ಹಿಂದಿನ ವರ್ಷವಷ್ಟೇ ನನಗೆ ಸಕ್ಕರೆ ಕಾಯಿಲೆ ಪತ್ತೆಯಾಗಿತ್ತು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ. ನನ್ನಾಕೆಯ ಹೊರತು ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಸಾಲ ಮಾಡಿ ಓದುವ ಹುಡುಗಿ, ದೂರದಲ್ಲಿದ್ದಾಳೆ, ಚಿಂತೆ ಯಾಕೆ ಹಚ್ಚಿಕೊಳ್ಳಬೇಕು ಎಂಬುದು ನಾನು ಹೇಳಿಕೊಳ್ಳುತ್ತಿದ್ದ ಕಾರಣ. ನಿಜವಾದ ಕಾರಣ ನಾಚಿಕೆ. ಮಕ್ಕಳಿಗೆ ಆಹಾರ, ಆರೋಗ್ಯದ ಪಾಠ ಮಾಡುವ ಮೇಷ್ಟ್ರಿಗೇ ಸಕ್ಕರೆ ಕಾಯಿಲೆ ಎಂದರೆ ಏನು ಚೆಂದ!

ಹೊರಡುವಾಗಲೇ ಮೊದಲ ಪಾಠವಾಯಿತು. ಅಮ್ಮ ಮೊಮ್ಮಗಳಿಗೆಂದು ಕಾಯಿಸಿಟ್ಟಿದ್ದ ತುಪ್ಪದ ಬಾಟಲಿಯನ್ನು ಒಯ್ಯುವಂತಿರಲಿಲ್ಲ. ಯೂರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸದ ಪದಾರ್ಥವನ್ನೂ ಹಾಲಿನ ಪದಾರ್ಥವನ್ನೂ ತರಬಾರದೆಂಬ ನಿಯಮವಿದೆ. ಜಾನುವಾರುಗಳ ರೋಗ ಗಡಿ ದಾಟಬಾರದು ಎಂಬುದು ಅದರ ಉದ್ದೇಶ. ಚಟ್ನಿಪುಡಿ, ಹಪ್ಪಳ, ಅವಲಕ್ಕಿ, ಸಾರಿನಪುಡಿ ಮಾತ್ರ ಪೆಟ್ಟಿಗೆ ಸೇರಿದವು. ವಿಮಾನದ ಟಿಕೆಟ್ ಮಾಡುವಾಗಲೇ ಮಗಳು ಏಷ್ಯನ್ ಸಸ್ಯಾಹಾರದ ಊಟವನ್ನು ಬರೆಸಿದ್ದಳು. ಇದನ್ನು ಕಡಿಮೆಯೆಂದರೂ ಒಂದು ದಿನ ಮುಂಚೆ ಹೇಳಿಡಬೇಕು. ಹತ್ತಿದ ಮೇಲೆ ಕೇಳಿದರೆ ಅವರ ಬಳಿ ಇರುವುದಿಲ್ಲ.

ಸ್ಟುಟ್‌ಗಾರ್ಟಿನಲ್ಲಿ ಮೊದಲ ಹತ್ತು ದಿನ ಮಗಳು ನನಗಾಗಿ ಎರಡು ಹೊತ್ತು ಅಡುಗೆ ಮಾಡಿದಳು. ಬೆಳಿಗ್ಗೆ ಪ್ರಯೋಗಾಲಯ, ಸಂಜೆ ಅರೆಕಾಲಿಕ ಕೆಲಸ, ನಡುವೆ ಅನ್ನ, ಸಾರು, ಪಲ್ಯ. ನಾನೋ ಕುಳಿತಲ್ಲೇ ಉಣ್ಣುತ್ತಿದ್ದೆ. ಹನ್ನೊಂದನೆಯ ದಿನ ರಾತ್ರಿ ಅವಳು, "ಅಪ್ಪಯ್ಯ, ನಾಳೆ ಒಂದ್ ದಿನ ಹೊರ್ಗೆ ಎಂತಾರೂ ತಿನ್ನಿ, ಅಕಾ? ನಂಗೆ ಪರೀಕ್ಷೆ ಇತ್ತ್" ಎಂದಳು. ಎಷ್ಟು ಸಣ್ಣ ಮಾತು! ಆದರೆ ನನಗೆ ಸರ್ರೆಂದು ಸಿಟ್ಟು ಬಂತು. "ನನ್ನ ಊಟದ ಚಿಂತೆ ನಿನಗೆ ಬೇಡ" ಎಂದುಬಿಟ್ಟೆ. ಆದರೂ ಅವಳು ಬೆಳಿಗ್ಗೆ ಬೇಗನೆದ್ದು ಎರಡು ಚಪಾತಿ ಮಾಡಿ ಡಬ್ಬಿಗೆ ಹಾಕಿಟ್ಟಿದ್ದಳು. ನಾನು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು, ಮಾತ್ರೆ ನುಂಗಿ, ಒಂದು ತುಂಡು ಬ್ರೆಡ್ ತಿಂದು ಹೊರಟೆ.

ಹೊರಟದ್ದು ಉಲ್ಮ್ ಎಂಬ ಊರಿಗೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವಿಜ್ಞಾನದ ಮೇಷ್ಟ್ರಿಗೆ ಅದು ಯಾತ್ರಾಸ್ಥಳವೇ ಸರಿ. ಆಲ್ಬರ್ಟ್ ಐನ್‌ಸ್ಟೈನ್ 1879ರ ಮಾರ್ಚ್ 14ರಂದು ಹುಟ್ಟಿದ್ದು ಅಲ್ಲಿ. ಹುಟ್ಟಿದ ಮನೆ ಎರಡನೇ ಮಹಾಯುದ್ಧದ ಬಾಂಬಿಗೆ ನಾಶವಾಗಿದೆ, ಈಗ ಆ ಜಾಗದಲ್ಲಿ ಒಂದು ಸ್ಮಾರಕವಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಊರಿನ ಪ್ರಸಿದ್ಧ ಚರ್ಚಿಗೆ ಹೋದೆ. ಅದರ ಗೋಪುರದ ಎತ್ತರ 161.5 ಮೀಟರ್. ಆ ಕಾಲಕ್ಕೆ ಜಗತ್ತಿನ ಚರ್ಚ್ ಗೋಪುರಗಳಲ್ಲೇ ಅತಿ ಎತ್ತರದ್ದು. ಒಟ್ಟು 768 ಮೆಟ್ಟಿಲು. ಕೊಡಚಾದ್ರಿ ಹತ್ತಿದ ಕಾಲು ನನ್ನದು ಎಂಬ ಹಮ್ಮಿನಲ್ಲಿ ಹತ್ತತೊಡಗಿದೆ. ಅರ್ಧದಲ್ಲಿ ದಮ್ಮು ಸಾಲದೆ ಇಳಿದೆ.

ಅಷ್ಟು ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಹೋಟೆಲೊಂದರಲ್ಲಿ ಬಟಾಟೆಯ ಸಲಾಡ್ ಕಂಡೆ. ಬಟಾಟೆಯಲ್ಲವೇ, ಏನು ದೋಷ ಎಂದುಕೊಂಡೆ. ಆದರೆ ಆ ಸೀಮೆಯಲ್ಲಿ ಬಟಾಟೆಯ ಸಲಾಡಿಗೆ ಮಾಂಸದ ಸಾರು ಸೇರಿಸುವ ಪದ್ಧತಿಯಿದೆ ಎಂದು ಮಗಳು ಹೇಳಿದ್ದು ನೆನಪಾಯಿತು. ಕೇಳಬಹುದಿತ್ತು. ಬಡಿಸುವವಳು ಇಂಗ್ಲಿಷ್ ಬಲ್ಲವಳೇ ಇದ್ದಳು. ಹಿಂದೆ ಸಾಲಿನಲ್ಲಿ ಐದಾರು ಜನ ನಿಂತಿದ್ದರು. ಅವರೆಲ್ಲರ ಮುಂದೆ ನನ್ನ ಮಡಿಯ ಪುರಾಣ ಬಿಚ್ಚಲು ನಾಲಿಗೆ ಏಳಲಿಲ್ಲ. ಸಕ್ಕರೆ ಹಾಕದ ಒಂದು ಕಪ್ಪು ಕಾಫಿ ಕುಡಿದು ರೈಲು ಹತ್ತಿದೆ.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಅಂಗೈ ಬೆವರಿತು. ಆಮೇಲೆ ಹಣೆ, ಕುತ್ತಿಗೆ. ಕೈ ನಡುಗತೊಡಗಿತು. ಎದುರಿನ ಫಲಕದಲ್ಲಿದ್ದ ಊರಿನ ಹೆಸರಿನ ಅಕ್ಷರಗಳು ಒಂದರ ಮೇಲೊಂದು ಬಂದವು. ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ನುಂಗುತ್ತಿದ್ದ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಜಾತಿಯದು. ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ಊಟ ತಪ್ಪಿಸಿ ಮೆಟ್ಟಿಲು ಹತ್ತಿದವನ ರಕ್ತದಲ್ಲಿ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮೆದುಳು ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಬಳಸುತ್ತದೆ. ಗ್ಲುಕೋಸ್ ಕಡಿಮೆಯಾದರೆ ಮೊದಲು ಬುದ್ಧಿ ಮಂಕಾಗುತ್ತದೆ, ಮುಂದುವರಿದರೆ ಪ್ರಜ್ಞೆ ತಪ್ಪುತ್ತದೆ. ಎಷ್ಟು ವರ್ಷ ಪಾಠ ಮಾಡಿದ್ದೆ! ಜೇಬಿನಲ್ಲಿ ಮಾತ್ರ ಒಂದು ಚೂರು ಬೆಲ್ಲವೂ ಇರಲಿಲ್ಲ.

ಎದುರಿಗೆ ಒಬ್ಬ ಅಜ್ಜಿ, ಪಕ್ಕದಲ್ಲಿ ಐದಾರು ವರ್ಷದ ಮೊಮ್ಮಗ. ಅಜ್ಜಿ ನನ್ನ ಮುಖ ನೋಡಿ ಜರ್ಮನ್ ಭಾಷೆಯಲ್ಲಿ ಏನೋ ಕೇಳಿದರು. ಆಗ ನಾಚಿಕೆ ಎಲ್ಲಿ ಹೋಯಿತೋ, "ಡಯಾಬಿಟೀಸ್, ಶುಗರ್" ಎಂದು ತೊದಲಿದೆ. ಡಯಾಬಿಟೀಸ್ ಎಂಬುದು ಅವರ ಭಾಷೆಯಲ್ಲೂ ಅದೇ ಶಬ್ದ. ಆ ತಾಯಿ ಒಂದು ಕ್ಷಣವೂ ತಡಮಾಡಲಿಲ್ಲ. ಮೊಮ್ಮಗನ ಕೈಯಲ್ಲಿದ್ದ ಮಿಠಾಯಿ ಪೊಟ್ಟಣವನ್ನೇ ತೆಗೆದು ನನ್ನ ಮುಂದೆ ಹಿಡಿದರು. ಬಣ್ಣಬಣ್ಣದ, ಕರಡಿ ಮರಿಯ ಆಕಾರದ, ಜಗಿಯುವ ಮಿಠಾಯಿ.

ಪೊಟ್ಟಣದ ಹಿಂಬದಿ ನನ್ನ ಕಡೆಗಿತ್ತು. ಕಣ್ಣು ಮಂಜಾಗಿದ್ದರೂ ಒಂದು ಶಬ್ದ ಮಾತ್ರ ಸ್ಪಷ್ಟವಾಗಿ ಕಂಡಿತು: ಜೆಲಾಟಿನ್. ಪ್ರಾಣಿಗಳ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬೇಯಿಸಿ ತೆಗೆದ ಪದಾರ್ಥ. ಇಂಥ ಮಿಠಾಯಿಗಳಲ್ಲಿ ಹೆಚ್ಚಾಗಿ ಹಂದಿಯ ಚರ್ಮದ್ದು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಎಷ್ಟು ಹೊತ್ತು ಕೈ ಗಾಳಿಯಲ್ಲಿ ನಿಂತಿತೋ ತಿಳಿಯದು. ಎರಡು ಸೆಕೆಂಡು ಇರಬಹುದು. ಆ ಹುಡುಗ ಒಂದು ಕೆಂಪು ಕರಡಿಯನ್ನು ಆರಿಸಿ ತಾನೇ ನನ್ನ ಅಂಗೈಯಲ್ಲಿಟ್ಟ. ನಾನು ತಿಂದೆ. ಮತ್ತೂ ತಿಂದೆ. ಏಳೆಂಟು ಕರಡಿ ಹೊಟ್ಟೆ ಸೇರಿದವು.

ಹತ್ತು ಹದಿನೈದು ನಿಮಿಷದಲ್ಲಿ ಬೆವರು ಆರಿತು, ಅಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಅಜ್ಜಿ ನನ್ನ ಫೋನಿನಿಂದ ಮಗಳಿಗೆ ಕರೆ ಮಾಡಿಸಿ ಮಾತಾಡಿದರು. ಸ್ಟುಟ್‌ಗಾರ್ಟಿನಲ್ಲಿ ಇಳಿದಾಗ ಮಗಳು ಪರೀಕ್ಷೆ ಮುಗಿಸಿ ಓಡಿ ಬಂದಿದ್ದಳು, ಕೈಯಲ್ಲಿ ಹಣ್ಣಿನ ರಸದ ಬಾಟಲಿ. ಅಜ್ಜಿ, ಮೊಮ್ಮಗ ಕೈಬೀಸಿ ಜನಜಂಗುಳಿಯಲ್ಲಿ ಮರೆಯಾದರು.

ಮಗಳು ಮನೆ ತಲಪುವವರೆಗೆ ಮಾತಾಡಲಿಲ್ಲ. ಮೇಜಿನ ಮೇಲೆ ಡಬ್ಬಿ ಹಾಗೆಯೇ ಇತ್ತು. ಅದನ್ನು ಕಂಡು ಅವಳು ಅತ್ತುಬಿಟ್ಟಳು. "ಅಪ್ಪಯ್ಯ, ಮಿಠಾಯಿ ತಿಂದದ್ದಕ್ಕಲ್ಲ ನಂಗೆ ಬೇಜಾರು. ಕಾಯ್ಲೆ ಇತ್ತ್ ಅಂತ ಆ ಅಜ್ಜಿಗೆ ಹೇಳಿದ್ರಿ, ನಂಗೆ ಹೇಳ್ಲಿಲ್ಲ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆ ರಾತ್ರಿ ನಿದ್ದೆ ಬಾರದೆ ಗಾಂಧೀಜಿಯವರನ್ನು ನೆನೆದೆ. ಅವರು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಇನ್ನೂ ಹದಿನೆಂಟರ ಹುಡುಗ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಹಡಗಿನ ಊಟದಲ್ಲಿ ಯಾವುದಕ್ಕೆ ಮಾಂಸ ಬಿದ್ದಿಲ್ಲ ಎಂದು ಕೇಳಲು ಸಂಕೋಚಪಟ್ಟು, ಮನೆಯಿಂದ ತಂದ ಸಿಹಿ ತಿಂಡಿ, ಹಣ್ಣುಗಳಲ್ಲೇ ದಿನ ಕಳೆದರೆಂದು ಆತ್ಮಕತೆಯಲ್ಲಿ ಬರೆದಿದ್ದಾರೆ. ಲಂಡನ್ನಿನಲ್ಲಿಯೂ ಅರೆಹೊಟ್ಟೆ. ಕೊನೆಗೆ ನಡೆದು ನಡೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಂಡಾಗ ಮಗುವಿನಂತೆ ಸಂತೋಷಪಟ್ಟರು. ಮುಂದೆ ಅಲ್ಲಿನ ಸಸ್ಯಾಹಾರಿಗಳ ಸಂಘಕ್ಕೇ ಸೇರಿ ಅದರ ಕಾರ್ಯಕಾರಿ ಸಮಿತಿಯಲ್ಲಿದ್ದರು. ಕೇಳಲು ನಾಚಿದ್ದ ಹುಡುಗ ತನ್ನ ಪಥ್ಯದ ದೆಸೆಯಿಂದಲೇ ಪರದೇಶದಲ್ಲಿ ಸ್ನೇಹಿತರನ್ನು ಸಂಪಾದಿಸಿದ. ಮೊಟ್ಟೆ ಮಾಂಸವೇ ಅಲ್ಲವೇ ಎಂಬ ತರ್ಕ ಬಂದಾಗ, ಮಾತು ತೆಗೆದುಕೊಂಡ ತಾಯಿ ಹೇಗೆ ಅರ್ಥ ಮಾಡಿದ್ದಳೋ ಅದೇ ಅರ್ಥ ಎಂದು ಅವರು ತೀರ್ಮಾನಿಸಿದ್ದರು. ನನ್ನ ಅಮ್ಮ ಆ ಎರಡು ಸೆಕೆಂಡಿಗೆ ಏನು ಅರ್ಥ ಹೇಳುತ್ತಿದ್ದರು? ಕೇಳುವ ಧೈರ್ಯ ಬೇಕಿತ್ತು.

ಮರುದಿನ ಮಗಳು ಒಂದು ಗಟ್ಟಿ ಕಾಗದದ ಚೀಟಿಯಲ್ಲಿ ಜರ್ಮನ್ ಭಾಷೆಯಲ್ಲಿ ಬರೆದುಕೊಟ್ಟಳು. ಅದರ ಸಾರ ಇಷ್ಟು: ನಾನು ಅನ್ನ, ಬ್ರೆಡ್, ಬಟಾಟೆ, ತರಕಾರಿ, ಹಣ್ಣು, ಹಾಲು, ಮೊಸರು, ಬೆಣ್ಣೆ ತಿನ್ನುತ್ತೇನೆ. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಮಾಂಸದ ಸಾರು, ಕೊಬ್ಬು, ಜೆಲಾಟಿನ್ ಕೂಡ ಬೇಡ. ನನಗೆ ಸಕ್ಕರೆ ಕಾಯಿಲೆಯಿದೆ. ಎಚ್ಚರವಿದ್ದು ನಡುಗುತ್ತಿದ್ದರೆ ಹಣ್ಣಿನ ರಸ ಅಥವಾ ಸಕ್ಕರೆ ಕೊಡಿ. ಕೆಳಗೆ ಅವಳ ಫೋನ್ ನಂಬರು.

ಆ ಚೀಟಿ ಹಿಡಿದು ಒಂದು ಹೋಟೆಲಿಗೆ ಹೋದೆವು. ಅಡುಗೆಯವನೇ ಹೊರಗೆ ಬಂದು ಓದಿದ. ನಾನು ತೋರಿಸಿದ ಚೀಸಿನ ಶಾವಿಗೆಯಂಥ ತಿಂಡಿಗೆ ಬೆರಳಾಡಿಸಿ, ಅದರ ಹಿಟ್ಟಿಗೆ ಮೊಟ್ಟೆ ಬಿದ್ದಿದೆ, ಬೇಡ ಎಂದ. ಬೇಯಿಸಿದ ಬಟಾಟೆ, ಅದರ ಜೊತೆ ನಮ್ಮ ಗಟ್ಟಿ ಮೊಸರಿನಂತಹ ಕ್ವಾರ್ಕ್, ಬೆಣ್ಣೆ ಹಾಕಿದ ಬಿಳಿ ಆಸ್ಪರಾಗಸ್ ತಂದಿಟ್ಟ. ಮೇ ತಿಂಗಳೆಂದರೆ ಅಲ್ಲಿ ಆಸ್ಪರಾಗಸ್ ಕಾಲ. ನಮ್ಮ ಹಿತ್ತಿಲಿನ ಶತಾವರಿಯ ಕುಲದ್ದೇ ಗಿಡ. ಪಾಪ, ಎಷ್ಟು ಆಸ್ಥೆಯಿಂದ ಬಡಿಸಿದ! ನಾನು ಹೆದರಿದ್ದ ನಗು ಯಾವ ಮುಖದಲ್ಲೂ ಕಾಣಲಿಲ್ಲ.

ಪಥ್ಯ ನಮಗೇನು ಹೊಸತೇ? ಉಡುಪಿ ಸೀಮೆಯ ಮಠ ಮನೆಗಳಲ್ಲಿ ಚಾತುರ್ಮಾಸ್ಯದ ಒಂದು ತಿಂಗಳು ತರಕಾರಿ ಇಲ್ಲ, ಮರು ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಆದರೂ ಉಂಡವರು ಬೆರಳು ನೆಕ್ಕುತ್ತಾರೆ. ಇಲ್ಲೇ ಪಾರಂಪಳ್ಳಿಯಿಂದ ಹೋದ ಮೈಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ಹಾಕಿ, ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ಜನಪ್ರಿಯಗೊಳಿಸಿದರು. ಇಲ್ಲ ಎಂಬುದರೊಳಗೆ ಉಂಟು ಮಾಡುವ ವಿದ್ಯೆ ನಮ್ಮವರಿಗೆ ಗೊತ್ತು. ಆದರೆ ಊರಿನಲ್ಲಿ ನಮ್ಮ ಪಥ್ಯ ಬಡಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಬಾಯಿ ಬಿಟ್ಟು ಹೇಳುವ ಅಭ್ಯಾಸವೇ ನಮಗಿಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಎರಡು ತುಂಡು ಮಾಡಿ ಓದುತ್ತೇವೆ. ಪರದೇಶಕ್ಕೆ ಹೋದವನು ಒಟ್ಟಿಗೆ ಓದಬೇಕು. ಅಲ್ಲಿ ಮಾತು ಬಲ್ಲವನೇ ಊಟ ಬಲ್ಲವನು.

ಇಷ್ಟು ಹೇಳಿ ಹುಡುಗನ ಕಡೆ ತಿರುಗಿದೆ. "ನೋಡು, ನನ್ನ ಒಂದು ಪಥ್ಯ ಮನಸ್ಸಿನದು. ಅದು ತಪ್ಪಿದರೆ ನನಗೆ ನೋವು, ಜೀವಕ್ಕೆ ಅಪಾಯವಿಲ್ಲ. ನಿನ್ನದು ಹಾಗಲ್ಲ." ಸಿಗಡಿಯ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಈ ಅಲರ್ಜಿಗೆ ಮುಖ್ಯ ಕಾರಣ. ಅದು ಬೇಯಿಸಿದರೂ ಕೆಡುವುದಿಲ್ಲ. ಒಮ್ಮೆ ಮುಖ ಊದಿದವನಿಗೆ ಇನ್ನೊಮ್ಮೆ ಗಂಟಲು ಕಟ್ಟಿ ಉಸಿರಿಗೇ ತೊಂದರೆಯಾಗಬಹುದು. ಸಿಗಡಿ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಪೂರ್ವ ಏಷ್ಯಾದ ಅಡುಗೆಯ ಮಸಾಲೆಗಳಲ್ಲಿ ಅರೆದ ಸಿಗಡಿ ಇರುತ್ತದೆ, ಅದನ್ನು ಕರಿದ ಎಣ್ಣೆಯಲ್ಲೇ ಬಟಾಟೆಯನ್ನೂ ಕರಿಯುತ್ತಾರೆ. ಸುಮ್ಮನೆ ತಿನ್ನದೆ ಬಿಟ್ಟರೆ ಸಾಲದು, ಕೇಳಿಯೇ ತಿನ್ನಬೇಕು.

ಕೇಳುವವನಿಗೆ ಅಲ್ಲಿ ಕಾನೂನಿನ ಬೆಂಬಲವೂ ಇದೆ. ಯೂರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ, ಅಲರ್ಜಿ ತರುವ 14 ಬಗೆಯ ಪದಾರ್ಥಗಳ ವಿವರವನ್ನು ಹೋಟೆಲುಗಳೂ ಗ್ರಾಹಕರಿಗೆ ಒದಗಿಸಬೇಕು. ಪೊಟ್ಟಣಗಳ ಮೇಲೆ ಅವು ಎದ್ದು ಕಾಣುವಂತೆ ಅಚ್ಚಾಗಿರಬೇಕು. ಸಿಗಡಿ ಏಡಿಗಳು, ಮೀನು, ಮೊಟ್ಟೆ, ಹಾಲು, ನೆಲಗಡಲೆ, ಎಳ್ಳು ಎಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಒಗ್ಗರಣೆಯ ಸಾಸಿವೆಯೂ ಇದೆ! ಅಂದರೆ ತನಗೆ ಇಂಥದ್ದು ಆಗದು ಎನ್ನುವವರು ಅಲ್ಲಿಯೂ ಬೇಕಾದಷ್ಟು ಜನ. ಹೊರಡುವ ಮೊದಲು ಅಲರ್ಜಿ ತಜ್ಞರನ್ನು ಕಾಣಲು ಹೇಳಿದೆ. ತುರ್ತಿಗೆ ಬೇಕಾದ ಔಷಧ ಯಾವುದು, ಬಳಸುವುದು ಹೇಗೆಂದು ಕೇಳಿ ತಿಳಿದುಕೊಂಡು, ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗದು. ಕೋಣೆಯಲ್ಲಿ ಜೊತೆಗಿರುವ ಹುಡುಗರಿಗೆ ಮೊದಲ ದಿನವೇ ಹೇಳಬೇಕು. ನಕ್ಕರೆ ನಗಲಿ, ನಕ್ಕವನೇ ನಾಳೆ ಆಸ್ಪತ್ರೆಗೆ ಕರೆದೊಯ್ದಾನು.

"ನಿಮ್ಮ ಅಮ್ಮನಿಗೆ ಹೇಳಿದ್ರಾ ಸಾರ್, ಮಿಠಾಯಿ ವಿಷ್ಯ?" ಎಂದು ಹುಡುಗನ ತಾಯಿ ಕೇಳಿದರು.

ಹೇಳಿದ್ದೆ. ಊರಿಗೆ ಬಂದ ಮರುದಿನವೇ ಬ್ರಹ್ಮಾವರಕ್ಕೆ ಹೋಗಿ, ಅಮ್ಮನ ಮಂಚದ ಬಳಿ ಕುಳಿತು, ಹಂದಿಯ ಚರ್ಮ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಆ ವರ್ಷದ ಮೊದಲ ಮಳೆ ಹನಿಯುತ್ತಿತ್ತು. ಕೊನೆಗೆ ಕೇಳಿದರು, "ಆ ಅಮ್ಮನ ಹೆಸ್ರ್ ಎಂತ?"

ನಾನು ಕೇಳಿರಲಿಲ್ಲ. "ಜೀವ ಉಳ್ಸಿದೋರ ಹೆಸ್ರ್ ಕೇಂಬುಕೂ ನಾಚ್ಕೆಯಾ ಮಗಾ?" ಎಂದರು ಅಮ್ಮ. ಬೇರೇನೂ ಅನ್ನಲಿಲ್ಲ. 2022ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಮಿಠಾಯಿಯ ಮಾತು ಮತ್ತೆ ಬರಲಿಲ್ಲ.

ಕತೆ ಮುಗಿದಾಗ ಹುಡುಗ ಸುಮ್ಮನೆ ಕೈಚಾಚಿ ನನ್ನ ಕೆಂಪು ಪೆನ್ನು ತೆಗೆದುಕೊಂಡ. ಒಂದು ಬಿಳಿ ಹಾಳೆಯ ಮೇಲೆ, ಮೊದಲು ಕನ್ನಡದಲ್ಲೇ ಬರೆಯತೊಡಗಿದ: ನನಗೆ ಸಿಗಡಿ, ಏಡಿ ಆಗುವುದಿಲ್ಲ. ತಿಂದರೆ ಮುಖ ಊದುತ್ತದೆ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಜರ್ಮನ್ ಭಾಷೆಗೆ ನನ್ನ ಮಗಳು ಮಾಡಿಕೊಡುತ್ತಾಳೆ ಎಂದೆ.

ತಾಯಿ ಅವನ ಭುಜದ ಮೇಲಿನಿಂದ ಬಗ್ಗಿ ನೋಡಿದರು. "ಬರೀ ಆಗ್ದೇ ಇದ್ದದ್ದೇ ಬರಿಬೇಡ ಮಗಾ," ಎಂದರು. "ಬಂಗ್ಡೆ, ಬೂತಾಯಿ ಎಲ್ಲ ತಿಂತೆ ಅಂದೂ ಬರಿ."